ಎತ್ತಿಟ್ಟ ಸಂಜೆ

ನಮ್ಮೂರಿನಲ್ಲಿ ಸಂಜೆ ತಾನಾಗಿ ಮುಗಿಯುವುದಿಲ್ಲ, ಎಲ್ಲರೂ ಮನೆ ಸೇರಿದ ಮೇಲೆ ಮುಗಿಯುತ್ತದೆ. ಹೊತ್ತು ಮುಳುಗಿ, ನೀಲಿಯೂ ಅಲ್ಲದ ಬೂದಿಯೂ ಅಲ್ಲದ ಒಂದು ಬೆಳಕು ಬೀದಿಗಳಲ್ಲಿ ಬಂದು ಕೂತಿತೆಂದರೆ, ಊರಿನ ಕೊನೆಯ ಮನುಷ್ಯ ತನ್ನ ಹೊಸ್ತಿಲು ದಾಟುವವರೆಗೂ ಅದು ಎದ್ದು ಹೋಗುವುದಿಲ್ಲ. ದಾಟಿದ ಮರುಗಳಿಗೆಗೆ ಯಾರೋ ಕಂಬಳಿ ಎಳೆದು ಹೊದಿಸಿದ ಹಾಗೆ ಕತ್ತಲು. ಅದಕ್ಕೇ ಆಡಲು ಹೋದ ಮಕ್ಕಳನ್ನು ಕತ್ತಲಾಗುವುದರೊಳಗೆ ಬಾ ಎಂದು ನಮ್ಮ ಕಡೆ ಯಾರೂ ಕರೆಯುವುದಿಲ್ಲ. ನೀನು ಬಂದರೆ ತಾನೇ ಕತ್ತಲಾಗುವುದು, ಎಲ್ಲರಿಗೂ ನಿದ್ದೆ ಬರುತ್ತಿದೆ, ಬಾರೋ ಎನ್ನುತ್ತಾರೆ.

ಈ ಸಂಜೆಯನ್ನು ಮಾಡುವ ವಿಧಾನ ಪಾಕಪುಸ್ತಕದಲ್ಲಿದೆ. ಬೇರೆ ಊರಿನವರು ಕಂಪ್ಯೂಟರ್ ಪ್ರೋಗ್ರಾಂ ಎನ್ನುವುದನ್ನು ನಾವು ಪಾಕ ಎನ್ನುತ್ತೇವೆ. ಬೆಳಗಿನ ಮಂಜಿಗೆ ಒಂದು ಪಾಕ, ನಲ್ಲಿ ನೀರಿಗೆ ಒಂದು, ಶಾಲೆಯ ಗಂಟೆಗೆ ಒಂದು, ಸಂತೆಯ ದಿನ ಗಾಳಿ ಯಾವ ಕಡೆಯಿಂದ ಬೀಸಬೇಕು ಎನ್ನುವುದಕ್ಕೆ ಒಂದು. ಮೊದಲು ಬರೆದವರು ಯಾರೋ ಅಡುಗೆ ಗೊತ್ತಿದ್ದವರೇ ಇರಬೇಕು. ಮೇಲೆ ಹೆಸರು, ಅದರ ಕೆಳಗೆ ಎಷ್ಟು ಜನಕ್ಕೆ ಎಂಬ ಅಂಕಿ, ಆಮೇಲೆ ಬೇಕಾಗುವ ಸಾಮಾನು, ಆಮೇಲೆ ಒಂದೊಂದೇ ಸಾಲಾಗಿ ಮಾಡುವ ಬಗೆ. ಹಳೆಯ ಗೂಡಿನ ಮಾರುಕಟ್ಟೆಯಲ್ಲಿರುವ ಯಂತ್ರ ಅದನ್ನು ಓದಿಕೊಂಡು ಮಾಡುತ್ತದೆ. ರೇಷ್ಮೆಗೂಡು ಬರುವುದು ನಿಂತ ಮೇಲೆ ಆ ಉದ್ದನೆಯ ಹಜಾರ ಪುಸ್ತಕದ ಪಾಲಿಗೆ ಬಂತು. ರೈತರು ಗೂಡು ಸುರಿಯುತ್ತಿದ್ದ ಕಟ್ಟೆಗಳ ಮೇಲೆ ಈಗ ಕೀಬೋರ್ಡುಗಳಿವೆ. ಮೋಡ ಮುಚ್ಚಿದ ದಿನ ಈಗಲೂ ಹುಳುವಿನ ವಾಸನೆ ಏಳುತ್ತದೆ.

ಪುಸ್ತಕ ಯಾರೊಬ್ಬರದೂ ಅಲ್ಲ. ಹೂ ಮಾರುವವರು, ಬ್ರೆಡ್ಡು ಸುಡುವವರು, ಯಾರು ಬೇಕಾದರೂ ಬಂದು ಕೂತು ತಿದ್ದಬಹುದು. ಆದರೆ ಬರೆದವರು ಬರೆದದ್ದನ್ನು ಹಜಾರದಲ್ಲಿ ಎಲ್ಲರ ಮುಂದೆ ನಿಂತು ಓದಬೇಕು. ಮತ್ತೆ, ತಾನು ಮಾಡಿದ್ದರ ರುಚಿಯನ್ನು ತಾನೇ ನೋಡುವಂತಿಲ್ಲ. ಇನ್ನೊಬ್ಬರು ನೋಡಿ, ಸರಿಯಿದೆ ಎಂದು ಕೆಳಗೆ ಹೆಸರು ಹಾಕಬೇಕು. ಪ್ರತಿ ಪಾಕದ ಅಂಚಿನಲ್ಲಿ ಯಂತ್ರ ಓದದ ಸಾಲುಗಳೂ ಇರುತ್ತವೆ, ಮುಂದೆ ತಿದ್ದಲು ಬರುವ ಮನುಷ್ಯರಿಗೆಂದು ಬರೆದವು. ಈ ಸಾಲು ಯಾಕಿದೆಯೋ ತಿಳಿಯದು, ತೆಗೆದರೆ ನಲ್ಲಿ ಕೆಮ್ಮುತ್ತದೆ ಎಂದು ಒಬ್ಬರು ಬರೆದರೆ, ನಮ್ಮ ಬೀದಿಯಲ್ಲಿ ತೆಗೆಯದಿದ್ದರೂ ಕೆಮ್ಮುತ್ತದೆ ಎಂದು ಇನ್ನೊಬ್ಬರು. ನನಗೆ ಎದುರಿಗೆ ನಿಂತು ಮಾತಾಡಲು ಬರುವುದಿಲ್ಲ. ಡಿಗ್ರಿ ಮುಗಿಸಿ ಮನೆಯಲ್ಲಿದ್ದೆ, ದಿನಚರಿ ಬರೆಯುತ್ತಿದ್ದೆ, ಅಂಗಡಿಗೆ ಹೋದರೆ ಬೇಕಾದದ್ದನ್ನು ಬೆರಳಿನಲ್ಲಿ ತೋರಿಸಿ ತರುತ್ತಿದ್ದೆ. ಆದರೆ ಆ ಅಂಚಿನ ಸಾಲುಗಳಲ್ಲಿ ಊರಿನ ಎಲ್ಲರ ಜೊತೆಯೂ ಮನಸಾರೆ ಹರಟಿದ್ದೇನೆ.

ಸಂಜೆಯ ಪಾಕದಲ್ಲಿ ಎಷ್ಟು ಜನಕ್ಕೆ ಎನ್ನುವಲ್ಲಿ ಇರುವುದು ಊರಿನ ತಲೆ ಲೆಕ್ಕ. ಮಗು ಹುಟ್ಟಿದರೆ ನಾಮಕರಣದ ದಿನ ಒಂದು ಕೂಡಿಸುತ್ತಾರೆ. ಪರಸ್ಥಳಕ್ಕೆ ಹೋಗುವವರು ಹೊರಡುವ ಮುಂಚೆ ತಾವೇ ಬಂದು ತಮ್ಮನ್ನು ಕಳೆದುಕೊಂಡು, ವಾಪಸ್ಸು ಬಂದ ಮೇಲೆ ಕೂಡಿಸಿಕೊಳ್ಳುತ್ತಾರೆ. ಬಂದುಹೋಗುವ ನೆಂಟರ ಲೆಕ್ಕ ಕರೆದ ಮನೆಯವರದು. ಊರಿನವರನ್ನಾದರೆ, ಬದುಕಿರುವಾಗ ಬೇರೆಯವರು ಕಳೆಯುವಂತಿಲ್ಲ. ಸತ್ತವರನ್ನು ಮಾತ್ರ ಮನೆಯವರು ತಿಥಿ ಮುಗಿಸಿಕೊಂಡು ಬಂದು ಕಳೆಯುತ್ತಾರೆ. ಇದರಲ್ಲಿ ತಪ್ಪಾಗುವುದೂ ಉಂಟು. ಬೇಕರಿ ರೇವಣ್ಣನವರ ಅತ್ತೆ ಒಂದು ಸಲ ಮಗಳನ್ನು ನೋಡಲು ಬಂದಿದ್ದರು. ಬಂದ ದಿನ ರೇವಣ್ಣನವರು ಭಕ್ತಿಯಿಂದ ಒಂದು ಕೂಡಿಸಿದರು. ಅವರನ್ನು ಬಸ್ಸು ಹತ್ತಿಸಿ ಬಂದ ಖುಷಿಯಲ್ಲಿ ಕಳೆಯುವುದನ್ನು ಮರೆತರು. ಅವತ್ತು ಊರೆಲ್ಲ ಆಕಳಿಸುತ್ತ ಜಗಲಿಯ ಮೇಲೆ ಕೂತಿತ್ತು. ಅತ್ತೆ ಹೋದರೂ ಸಂಜೆ ಹೋಗಲಿಲ್ಲವಲ್ಲ ರೇವಣ್ಣ ಎಂದು ಈಗಲೂ ಜನ ಅವರನ್ನು ಬಿಡುವುದಿಲ್ಲ.

ನಮ್ಮ ಅಕ್ಕ ವಾರಿಜಾ ಹೋದಾಗ ಮಾತ್ರ ಯಾರೂ ನಗಲಿಲ್ಲ. ನಮ್ಮೂರಿಗೆ ನಕ್ಷೆಯಿಲ್ಲ. ಅದೊಂದು ಕೊರತೆ ಎಂದು ಅಕ್ಕನಿಗೆ ಬಿಟ್ಟು ಬೇರೆ ಯಾರಿಗೂ ಅನ್ನಿಸಿರಲಿಲ್ಲ. ಅವಳು ಕಾಗದದ ಸುರುಳಿ ಹಿಡಿದು ಬೀದಿ ಬೀದಿ ಅಳೆದಳು, ಅಟ್ಟ ಹತ್ತಿದಳು, ನೀರಿನ ಟ್ಯಾಂಕು ಹತ್ತಿದಳು, ಎಷ್ಟು ಬರೆದರೂ ಊರು ಕಾಗದದಿಂದ ಆಚೆ ಉಳಿಯುತ್ತಿತ್ತು. ಕೊನೆಗೊಂದು ಬೆಳಿಗ್ಗೆ ತಿಂಡಿ ತಿನ್ನುತ್ತ, ಒಳಗೇ ಕೂತ್ಕೊಂಡು ಊರು ಬರೆಯೋಕಾಗಲ್ಲಮ್ಮ, ಹೊರಗೆ ನಿಂತು ನೋಡಬೇಕು ಎಂದಳು. ಅಮ್ಮ ದೋಸೆ ಮಗುಚುತ್ತ, ಹೊರಗೆ ನಿಂತು ನೋಡಿದವರಿಗೆ ಊರು ಚಿಕ್ಕದಾಗಿ ಕಾಣುತ್ತೆ, ಚಿಕ್ಕದಾಗಿ ಕಂಡ ಊರಿಗೆ ಯಾರೂ ತಿರುಗಿ ಬರಲ್ಲ ಎಂದರು. ಮಾತು ಬೆಳೆಯಿತು. ದೋಸೆ ಸೀಯಿತು.

"ಸಂಜೆಗೆ ಬರ್ತೀನಿ ಬಿಡು," ಎಂದಳು ಅಕ್ಕ, ಚಪ್ಪಲಿ ಮೆಟ್ಟುತ್ತ.

"ಬರದೇ ಇದ್ರೆ ನಾನೇನು ಕಾಯ್ತಾ ಕೂತ್ಕೊಳ್ಳಲ್ಲ," ಎಂದರು ಅಮ್ಮ.

ಅಮ್ಮ ಕಾಯಲಿಲ್ಲ. ಊರು ಕಾಯಿತು. ಬೆಳಿಗ್ಗೆ ಹೋಗಿ ಸಂಜೆಗೆ ಬರುವವರು ತಮ್ಮನ್ನು ಕಳೆದುಕೊಳ್ಳುವುದಿಲ್ಲ, ಅಕ್ಕನೂ ಕಳೆದುಕೊಂಡಿರಲಿಲ್ಲ. ಗಡಿಕಲ್ಲು ದಾಟಿ ಬಸ್ಸು ಹಿಡಿದದ್ದನ್ನು ಕಂಡವರಿದ್ದರು, ಇಳಿದದ್ದನ್ನು ಕಂಡವರಿರಲಿಲ್ಲ. ಅವತ್ತು ಬೇರೆ ಊರುಗಳಲ್ಲಿ ನಡುರಾತ್ರಿ ಎನ್ನುವ ಹೊತ್ತಾದರೂ ನಮ್ಮ ಬೀದಿಯಲ್ಲಿ ಆ ನೀಲಿ ಬೆಳಕು ಹಾಗೇ ಕೂತಿತ್ತು. ಕಾದು ಕಾದು ಯಂತ್ರ ಬಿಸಿಯೇರಿ, ನರಳಿ, ಕೆಟ್ಟು ನಿಂತಿತು. ಆಗ ದೊಪ್ಪೆಂದು ಕತ್ತಲು ಬಿತ್ತು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ನಮ್ಮ ರಾತ್ರಿ ಎನ್ನುವುದು ಯಂತ್ರ ದಣಿದು ಮಲಗಿದ ಮೇಲೆ ಸಿಗುವ ಚೂರು ಕತ್ತಲಾಯಿತು.

ಜನ ಅದಕ್ಕೂ ಒಗ್ಗಿಕೊಂಡರು. ಮಕ್ಕಳು ಒಂದು ಆಟ ಮುಗಿಸಿ, ಊಟ ಮಾಡಿ, ಮತ್ತೊಂದು ಆಟಕ್ಕೆ ಹೋಗುತ್ತಿದ್ದರು. ರೇವಣ್ಣನವರು ಮುಸ್ಸಂಜೆಗೆಂದೇ ಎರಡನೇ ಸಲ ಬನ್ನು ಸುಡಲು ಶುರು ಮಾಡಿದರು. ಕೋಳಿಗಳು ಗೂಡಿಗೆ ಹೋಗುವುದೋ ಬೇಡವೋ ಎಂದು ಬಾಗಿಲಲ್ಲೇ ನಿಂತು ತೂಕಡಿಸುತ್ತಿದ್ದವು. ಕಷ್ಟವಾದದ್ದು ಹೂವಿನ ಪುಟ್ಟತಾಯಮ್ಮನಿಗೆ. ಮಲ್ಲಿಗೆ ಮೊಗ್ಗು ಅರಳುವುದು ಸಂಜೆಗೆ. ಸಂಜೆ ಅಷ್ಟುದ್ದ ಆದರೆ ಅರಳಿ, ಹಿಗ್ಗಿ, ಸೋತು, ಬೆಳಿಗ್ಗೆ ಬುಟ್ಟಿಯಲ್ಲಿ ಕಂದು ಬಣ್ಣಕ್ಕೆ ತಿರುಗಿರುತ್ತಿದ್ದವು. ಇದೆಲ್ಲ ಯಾರ ಮನೆಯಿಂದ ಎಂದು ಎಲ್ಲರಿಗೂ ಗೊತ್ತಿತ್ತು. ಯಾರೂ ನಮ್ಮೆದುರು ಆಡುತ್ತಿರಲಿಲ್ಲ. ನಾನು ಹಾದು ಹೋದರೆ ಜಗಲಿಯ ಮಾತು ನಿಂತು, ಈ ಸಲ ಬಿಸಿಲು ಜೋರು ಎಂದು ಯಾರೋ ಹೇಳುತ್ತಿದ್ದರು. ದಿನಚರಿಯಲ್ಲಿ ರಾತ್ರಿ ಎಂಬ ಪದ ಬರೆಯುವುದನ್ನೇ ನಾನು ಬಿಟ್ಟಿದ್ದೆ.

ಅಕ್ಕ ಹೋದ ಮೇಲಿನ ಮೂರನೇ ಉಗಾದಿ ಹತ್ತಿರ ಬಂದಾಗ ಹೊಸ ಯಂತ್ರ ಬಂತು. ಹಳೆಯದು ಇನ್ನು ತಾಳದು ಎಂದು ಎಲ್ಲರೂ ಸೇರಿ ತರಿಸಿದ್ದು. ಅದಕ್ಕೆ ಹಳೆಯ ಧಾಟಿಯ ಪಾಕಗಳು ಅರ್ಥವಾಗುತ್ತಿರಲಿಲ್ಲ, ಇಡೀ ಪುಸ್ತಕವನ್ನು ಹೊಸದಾಗಿ ಬರೆಯಬೇಕಿತ್ತು. ಊರೆಲ್ಲ ಹಜಾರಕ್ಕೆ ಬಂದು ಕೂತಿತು. ಕಟ್ಟೆಗಳ ಮೇಲೆ ಮಂಡಕ್ಕಿ ಪೊಟ್ಟಣ, ಕೀಬೋರ್ಡಿನ ಸಂದಿಯಲ್ಲಿ ಕಡಲೆಬೀಜದ ಸಿಪ್ಪೆ, ಒಬ್ಬರ ಸಾಲನ್ನು ಇನ್ನೊಬ್ಬರು ಇಣುಕಿ ನೋಡಿ ಉಪ್ಪು ಜಾಸ್ತಿಯಾಯ್ತು ಎನ್ನುವುದು. ಕೆಲಸ ಹಂಚುತ್ತಿದ್ದವರು ಗಿರಿಜಾಂಬ ಮೇಡಂ. ಅರ್ಧ ಊರಿಗೆ ಲೆಕ್ಕ ಕಲಿಸಿ ನಿವೃತ್ತರಾದವರು. ದನಿ ಏರಿಸದೆಯೇ ಹಜಾರವನ್ನು ಸುಮ್ಮನಾಗಿಸಬಲ್ಲವರು. ಮಂಜಿನ ಪಾಕ ಪುಟ್ಟತಾಯಮ್ಮನಿಗೆ ಬಂತು, ಹೂವಿಗೆ ಎಷ್ಟು ಹನಿ ಬೇಕೆಂದು ಅವಳಿಗೇ ಗೊತ್ತು ಎಂದು. ಎಲ್ಲ ಹಂಚಿ ಮುಗಿದು ಸಂಜೆಯೊಂದು ಉಳಿಯಿತು. ಯಾರೂ ಕೈ ಎತ್ತಲಿಲ್ಲ.

ಮೇಡಂ ನನ್ನ ಪಕ್ಕದಲ್ಲಿ ಬಂದು ಕೂತು, ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ ವಿಷಯ ಹೇಳಿದರು. ಹೊಸ ಯಂತ್ರಕ್ಕೆ ದಣಿವಿಲ್ಲ. ಹಳೆಯ ಪಾಕವನ್ನು ಇದ್ದ ಹಾಗೇ ಇಳಿಸಿದರೆ ಅದು ಬರದವರಿಗಾಗಿ ಕಾಯುತ್ತಲೇ ಇರುತ್ತದೆ, ಬೆಳಗಾದರೂ ಬಿಡುವುದಿಲ್ಲ. ನಮ್ಮೂರಿಗೆ ಇನ್ನು ರಾತ್ರಿಯೇ ಇರುವುದಿಲ್ಲ.

"ಒಂದು ಕಳೆದುಬಿಡು ಮಂದಾಕಿನಿ," ಎಂದರು. "ನಿಮ್ಮನೆಯವರು ಮಾತ್ರ ಕಳೀಬಹುದು. ನಿಮ್ಮಮ್ಮನ ಹತ್ರ ಕೇಳೋ ಧೈರ್ಯ ನನಗಿಲ್ಲ."

ನಾನು ತಲೆಯಾಡಿಸಿದೆ. ಬೇಡ ಎಂದು ಆಡಿಸಿದ್ದು ಅವರಿಗೆ ಆಗಲಿ ಎಂದು ಕಂಡಿತೋ ಏನೋ, ಎದ್ದು ಹೋಗಿ ಹಲಗೆಯ ಮೇಲೆ ಸಂಜೆ ಎಂಬುದರ ಎದುರಿಗೆ ನನ್ನ ಹೆಸರು ಬರೆದರು.

ಸುದ್ದಿ ನನಗಿಂತ ಮೊದಲೇ ಮನೆ ತಲುಪಿತ್ತು. ಪುಟ್ಟತಾಯಮ್ಮ ನಮ್ಮ ಜಗಲಿಯ ಮೇಲೆ ಬುಟ್ಟಿ ಇಳಿಸಿ ಕೂತಿದ್ದಳು. ಅವಳೂ ಅಮ್ಮನೂ ಒಂದೇ ವರ್ಷ ಮದುವೆಯಾಗಿ ಈ ಬೀದಿಗೆ ಬಂದವರು. ಹಾಗಾಗಿ ಬೇರೆ ಯಾರೂ ಆಡದ್ದನ್ನು ಆಡುವ ಸಲಿಗೆ ಅವಳಿಗಿತ್ತು. ಬಾಡಿದ ಒಂದು ಮೊಳ ಹೂವನ್ನು ಅಮ್ಮನ ಮುಂದೆ ಎತ್ತಿ ಹಿಡಿದು, "ನೋಡು, ಇದನ್ನ ಯಾರ ತಲೆಗೆ ಮುಡಿಸಲಿ? ನಿನ್ನ ಮಗಳು ಬರೋವರೆಗೂ ನನ್ನ ಮೊಗ್ಗು ಹೀಗೇ ಸಾಯ್ಬೇಕಾ?" ಎಂದಳು.

"ನಾನೇನು ಕಾಯ್ತಿಲ್ಲ ಕಣೇ," ಎಂದರು ಅಮ್ಮ, ಅಕ್ಕಿಯಲ್ಲಿ ಕಲ್ಲು ಆರಿಸುವುದನ್ನು ನಿಲ್ಲಿಸದೆ. "ಸಂಜೆ ಕಾಯ್ತಿದೆ. ಹೋಗಿ ಸಂಜೇನ ಕೇಳು."

"ಒಂದು ಅಂಕಿ ಕಳೆದ್ರೆ ಆಗೋ ಕೆಲಸ."

"ಕಳೆಯೋಕೆ ಅವಳ ತಿಥಿ ಆಗಿದೆಯಾ? ಊಟಕ್ಕೆ ಬಂದಿದ್ಯಾ ನೀನು?"

ಪುಟ್ಟತಾಯಮ್ಮ ಬುಟ್ಟಿ ಎತ್ತಿಕೊಂಡು ಹೋದಳು. ಅಮ್ಮ ನನ್ನ ಕಡೆ ನೋಡಲೂ ಇಲ್ಲ. ಮೊರದಲ್ಲಿದ್ದ ಅಕ್ಕಿಗೇ ಹೇಳುವವರ ಹಾಗೆ, ನೀನು ಕಳೆದೆ ಅಂತ ಗೊತ್ತಾದ್ರೆ ನನ್ನನ್ನೂ ಸೇರಿಸಿ ಎರಡು ಕಳೆದುಬಿಡು ಎಂದರು.

ಆಮೇಲಿನ ದಿನಗಳಲ್ಲಿ ನಾನು ಹಜಾರದ ಮೂಲೆಯ ಕಟ್ಟೆಯಲ್ಲಿ ಕೂತು ಸಂಜೆಯನ್ನು ಬರೆದೆ, ಅಳಿಸಿದೆ. ಒಂದು ಕಳೆದು ಬರೆದ ಪಾಕ ಚೊಕ್ಕವಾಗಿತ್ತು, ಎಲ್ಲಿಯೂ ತೊಡಕಿಲ್ಲ; ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದು ಸಾಕಾಗಿ ಅದನ್ನು ಅಳಿಸಿದೆ. ಇನ್ನೊಂದರಲ್ಲಿ ಲೆಕ್ಕ ಹಾಗೇ ಇಟ್ಟು, ಕಾಯುವುದಕ್ಕೆ ಒಂದು ಮಿತಿ ಹಾಕಿದೆ. ಇಷ್ಟು ಹೊತ್ತು ನೋಡು, ಬರದಿದ್ದರೆ ಬಿಡು. ಆ ಬಿಡು ಎನ್ನುವ ಪದ ಪರದೆಯ ಮೇಲೆ ಮಿಣಮಿಣ ಎನ್ನುತ್ತಿತ್ತು, ಅದನ್ನೂ ಅಳಿಸಿದೆ. ಅಂಚಿನಲ್ಲಿ ಅಕ್ಕ ಯಾವತ್ತೋ ಬರೆದಿದ್ದ ಒಂದು ಸಾಲಿತ್ತು: ಇದನ್ನು ಮುಟ್ಟುವ ಮೊದಲು ಕಾಫಿ ಕುಡಿದು ಬನ್ನಿ, ಹಸಿದವರು ಬರೆದ ಸಂಜೆ ಚೆನ್ನಾಗಿರುವುದಿಲ್ಲ. ಅದನ್ನು ಓದಿ ಎದ್ದು ಮನೆಗೆ ಬಂದೆ.

ಮನೆಯಲ್ಲಿ ಅಮ್ಮ ಊಟ ಮುಗಿಸಿ ಕೈ ತೊಳೆಯುತ್ತಿದ್ದರು. ಅಮ್ಮ ಯಾರಿಗೂ ಕಾಯದೆ ಹೊತ್ತಿಗೆ ಸರಿಯಾಗಿ ಉಣ್ಣುತ್ತಾರೆ, ಅದು ಮೊದಲಿಂದಲೂ ಹಾಗೆ. ನನಗೆ ಬಡಿಸಿದರು. ಆಮೇಲೆ, ದಿನವೂ ಮಾಡುವ ಹಾಗೆ, ಇನ್ನೊಂದು ತಟ್ಟೆಗೆ ಅನ್ನ ಹಾಕಿ, ಗುಳಿ ಮಾಡಿ ಸಾರು ಬಿಟ್ಟು, ಪಕ್ಕದಲ್ಲಿ ಉಪ್ಪಿನಕಾಯಿಯ ಒಂದು ಹೋಳು ಇಟ್ಟು, ಮೇಲೊಂದು ತಟ್ಟೆ ಮುಚ್ಚಿ, ಗೋಡೆಯ ಗೂಡಿನಲ್ಲಿಟ್ಟರು. ಉಳಿದಿದ್ದು ಎಂದು ಅಮ್ಮ ಅದನ್ನು ಕರೆಯುತ್ತಿದ್ದರು. ಬೆಳಿಗ್ಗೆ ಅದು ಎದುರು ಮನೆಯ ಹಸುವಿಗೆ ಹೋಗುತ್ತಿತ್ತು. ಇಷ್ಟು ದಿನವೂ ಅದು ಉಳಿದಿದ್ದೇ ಎಂದು ನಾನೂ ನಂಬಿದ್ದೆ. ಉಳಿದ ಅನ್ನಕ್ಕೆ ಯಾರು ಗುಳಿ ಮಾಡುತ್ತಾರೆ? ನನ್ನ ಕೈಯ ತುತ್ತು ಕೈಯಲ್ಲೇ ನಿಂತಿತು. ಅಮ್ಮ ಮೂರು ವರ್ಷದಿಂದ ನಿಜವನ್ನೇ ಹೇಳುತ್ತಿದ್ದರು. ಅವರು ಕಾಯುತ್ತಿರಲಿಲ್ಲ. ಎತ್ತಿಡುತ್ತಿದ್ದರು.

ಅರ್ಧ ಊಟಕ್ಕೆ ಎದ್ದು ಹಜಾರಕ್ಕೆ ಓಡಿದೆ. ಅವತ್ತು ಬರೆದದ್ದನ್ನು ಅಳಿಸಲಿಲ್ಲ.

ಓದುವ ದಿನ ಬಂತು. ಹಜಾರ ತುಂಬಿತ್ತು. ಅಮ್ಮ ಬಂದಿರಲಿಲ್ಲ. ಬಾಯಿ ತೆರೆದರೆ ಹೊರಟದ್ದು ನನಗೇ ಕೇಳಿಸದಂಥ ದನಿ. ಹಿಂದಿನ ಸಾಲಿನಿಂದ ರೇವಣ್ಣನವರು, ಏನೂ ಕೇಳಿಸ್ತಿಲ್ಲ ಕಣಮ್ಮ, ಆದ್ರೂ ಚೆನ್ನಾಗಿದೆ ಎಂದರು. ಜನ ನಕ್ಕರು. ಆ ನಗುವಿನ ಸದ್ದಿನ ಮರೆಯಲ್ಲಿ ನಾನು ಮತ್ತೆ ಮೊದಲಿಂದ ಶುರು ಮಾಡಿದೆ. ಹೊತ್ತು ಮುಳುಗಿದ ಮೇಲೆ ಬೆಳಕನ್ನು ಬೀದಿಗೆ ಬಿಡು. ಒಂದು ಅನ್ನ ಬೇಯುವಷ್ಟು ಹೊತ್ತು ನೋಡು. ಎಲ್ಲರೂ ಬಂದಿದ್ದರೆ ಕತ್ತಲು ಮಾಡು. ಬರದವರಿದ್ದರೆ, ಬಂದಿರುವ ಎಲ್ಲರ ಪಾಲಿನಿಂದಲೂ ಒಂದೊಂದು ಚಿಟಿಕೆ ಸಂಜೆ ತೆಗೆದು, ಅವರ ಹೆಸರಿನಲ್ಲಿ ಮುಚ್ಚಿಡು. ಆಮೇಲೆ ಕತ್ತಲು ಮಾಡು. ಅವರು ಯಾವಾಗ ಗಡಿಕಲ್ಲು ದಾಟಿ ಬಂದರೂ, ಯಾವ ಹೊತ್ತೇ ಆಗಿರಲಿ, ಎತ್ತಿಟ್ಟದ್ದನ್ನು ಅವರಿಗೆ ಬಡಿಸು. ಅವರ ಹೊಸ್ತಿಲವರೆಗೆ ಬಡಿಸು. ಎಷ್ಟು ಜನಕ್ಕೆ ಎನ್ನುವ ಅಂಕಿಯನ್ನೂ ಓದಿದೆ. ಅದು ಹಳೆಯ ಅಂಕಿಯೇ.

ನಗು ನಿಂತಿತ್ತು. ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಹಾಗಾದರೆ ಲೆಕ್ಕದಲ್ಲಿ ಒಬ್ಬಳು ಯಾವಾಗಲೂ ಬಾಕಿಯೇ ಎಂದು ಕೇಳಿದರು. ಬಾಕಿ ಇರಲಿ ಮೇಡಂ ಎಂದೆ. ಅವರು ಪರೀಕ್ಷೆಯಲ್ಲಿ ಕೊನೆಯ ಪ್ರಶ್ನೆ ಕೇಳುವವರ ಹಾಗೆ ಇನ್ನೊಂದು ಕೇಳಿದರು.

"ಎತ್ತಿಟ್ಟ ಸಂಜೆ ಹಳಸಲ್ವೇನಮ್ಮ?"

"ದಿನಾ ಹೊಸದಾಗಿ ಎತ್ತಿಡೋದು," ಎಂದೆ. "ಹೊಸದನ್ನ ಇಟ್ಟ ಮೇಲೇನೇ ಹಳೇದನ್ನ ತೆಗೆದು ಬೆಳಿಗ್ಗೆ ಮಂಜಿಗೆ ಸುರಿಯೋದು."

"ನನ್ನ ಮಂಜಿಗಾ?" ಎಂದಳು ಪುಟ್ಟತಾಯಮ್ಮ, ಕಂಬದ ಬುಡದಿಂದ ಎದ್ದು ನಿಂತು. "ಬಣ್ಣ ಕೆಡಲ್ವಾ ಅದು?"

ಸ್ವಲ್ಪ ನೀಲಿಯಾಗಬಹುದು ಎಂದು ಒಪ್ಪಿಕೊಂಡೆ. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡಿದಳು. ಅಮ್ಮ ಆಡಿದ ತಿಥಿಯ ಮಾತು ಅವಳ ಮುಖದಲ್ಲಿ ಇನ್ನೂ ಇದ್ದ ಹಾಗಿತ್ತು. ಎಲ್ಲರೂ ಕೊಡಬೇಕು, ಒಬ್ಬರು ಒಲ್ಲೆನೆಂದರೂ ಪಾಕ ಕೂಡಿಬರುವುದಿಲ್ಲ ಎಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

"ಎಷ್ಟು ಅಂದೆ, ಒಂದು ಚಿಟಿಕೆಯಾ?"

"ಒಂದೇ."

"ನನ್ನ ಪಾಲಿಂದ ಎರಡು ತಗೋ. ಈ ಮೂರು ವರ್ಷದಲ್ಲಿ ನನಗೆ ಸಂಜೆ ಸಾಕುಸಾಕಾಗಿದೆ."

ಹಜಾರ ಮತ್ತೆ ನಕ್ಕಿತು. ಅದು ಒಪ್ಪಿಗೆಯ ನಗು. ರುಚಿ ನೋಡಲು ರೇವಣ್ಣನವರು ತಾವೇ ಮುಂದೆ ಬಂದರು. ಸಂಜೆ ಗಿಡ್ಡವಾದರೆ ಅವರ ಎರಡನೇ ಸಲದ ಬನ್ನು ಯಾರೂ ಕೊಳ್ಳುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಅವರ ನಾಲಗೆಯ ಮೇಲೆ ಊರಿಗೆ ನಂಬಿಕೆ ಹೆಚ್ಚು. ಹೊಸ ಯಂತ್ರಕ್ಕೆ ಆ ಪಾಕವನ್ನು ಗಡಿಕಲ್ಲಿನ ದಾರಿಯೊಂದರ ಮಟ್ಟಿಗೆ ಓದಿಸಿ, ಬೇಕೆಂತಲೇ ಗಡಿಕಲ್ಲಿನಾಚೆ ಹೋಗಿ ಕೂತು, ಕತ್ತಲಾದ ಮೇಲೆ ಒಬ್ಬರೇ ನಡೆದು ಬಂದರು. ಮರುದಿನ ವರದಿ ಕೇಳಲು ಬೇಕರಿಯ ಮುಂದೆ ಜನ ಸೇರಿದ್ದರೆ, ಹೆಚ್ಚೇನೂ ಇಲ್ಲ, ಸುತ್ತ ಕಪ್ಪು, ಆದರೆ ನನ್ನ ಪಾದ ನನಗೆ ಕಾಣ್ತಿತ್ತು ಎಂದಷ್ಟೇ ಹೇಳಿದರು. ಆಮೇಲೆ ಹಿಟ್ಟು ನಾದಲು ಒಳಗೆ ಹೋದರು. ಪಾಕದ ಕೆಳಗೆ, ಉಪ್ಪು ಹುಳಿ ಸರಿಯಿದೆ ಎಂದು ಬರೆದು ಹೆಸರು ಹಾಕಿದ್ದರು. ಹಗಲಿನಲ್ಲಿ ಬಂದವರಿಗೆ ಹೇಗಿರುತ್ತದೋ ನೋಡಿಲ್ಲ ಎಂದು ಅಂಚಿನಲ್ಲಿ ಸೇರಿಸಿದ್ದರು.

ಉಗಾದಿಯ ದಿನ ಹೊಸ ಯಂತ್ರ ಪುಸ್ತಕವನ್ನು ಓದತೊಡಗಿತು. ಹೊತ್ತು ಮುಳುಗಿತು. ನಮ್ಮ ಒಲೆಯ ಮೇಲೆ ಅನ್ನ ಬೆಂದಿತು. ಗಂಜಿ ಬಸಿಯುವ ಹೊತ್ತಿಗೆ ಕಿಟಕಿಯಾಚೆ ಕತ್ತಲಾಯಿತು, ಮೆತ್ತಗೆ, ಸದ್ದಿಲ್ಲದೆ. ಬೀದಿಯ ಚಿಕ್ಕ ಮಕ್ಕಳು ಅಂಥ ತುಂಬು ಕತ್ತಲನ್ನು ನೋಡಿಯೇ ಇರಲಿಲ್ಲ. ಆಕಾಶದಲ್ಲಿ ಏನೋ ಚೆಲ್ಲಿಹೋಗಿದೆ ಎಂದು ಒಂದು ಮಗು ಅಳುತ್ತಿತ್ತು, ಅವು ನಕ್ಷತ್ರ ಎಂದು ಅದರ ಅಜ್ಜಿ ಸಮಾಧಾನ ಮಾಡುತ್ತಿದ್ದರು. ಅಮ್ಮ ಸೌಟು ಹಿಡಿದುಕೊಂಡೇ ಹಿತ್ತಲಿಗೆ ಬಂದು ಮೇಲೆ ನೋಡಿದರು. ತುಂಬ ಹೊತ್ತು ನೋಡಿದರು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ, ಅವರು ಏನು ಕೇಳುತ್ತಾರೆಂದು ಗೊತ್ತಿತ್ತು.

"ಕಳೆದ್ಯಾ ಅವಳನ್ನ?"

"ಇಲ್ಲಮ್ಮ. ಎತ್ತಿಟ್ಟಿದೀನಿ."

ಅಮ್ಮ ತಿರುಗಿ ನೋಡಿದರು. ಕತ್ತಲಲ್ಲಿ ಮುಖ ಕಾಣಲಿಲ್ಲ. ಸೌಟಿನಿಂದ ಸಾರು ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು.

"ಎಷ್ಟು ಇಟ್ಟೆ?"

"ಒಬ್ಬರಿಗೆ ಆಗುವಷ್ಟು."

"ಸಾಲಲ್ಲ ಅದು," ಎಂದರು ಅಮ್ಮ. "ಅಷ್ಟು ದೂರದಿಂದ ನಡೆದು ಬಂದೋಳಿಗೆ ಹಸಿವು ಜಾಸ್ತಿ ಇರುತ್ತೆ. ಇನ್ನೊಂದು ಸ್ವಲ್ಪ ಹಾಕು."

ಮರುದಿನ ಹಜಾರಕ್ಕೆ ಹೋಗಿ ಆ ಸಾಲನ್ನು ತಿದ್ದಿದೆ. ಎಷ್ಟು ಎಂದು ಅಂಕಿಯಲ್ಲಿ ಹೇಳಲು ಬರಲಿಲ್ಲ. ಅಮ್ಮ ಬಡಿಸುವಾಗ ಸಾಕು ಎಂದ ಮೇಲೂ ಹಾಕುವಷ್ಟು ಎಂದು ಅಂಚಿನಲ್ಲಿ ಬರೆದೆ. ಮೇಡಂ ಅದನ್ನು ಓದಿ, ಇದು ಯಾವ ಅಳತೆ ಎಂದು ಕೇಳಲಿಲ್ಲ. ಪುಟ್ಟತಾಯಮ್ಮ ರುಚಿ ನೋಡಿದೆ ಎಂದು ಹೆಸರು ಹಾಕಿದಳು. ನೋಡಿದ್ದಳೋ ಇಲ್ಲವೋ.

ಊರು ಹಾಗೇ ನಡೆಯಿತು. ಬೆಳಗಿನ ಮಂಜು ಸ್ವಲ್ಪ ನೀಲಿಯಾಗಿ ಬರತೊಡಗಿತು. ಅದರಲ್ಲಿ ನೆನೆದ ಮಲ್ಲಿಗೆಗೆ ಬೇರೆಯದೇ ಪರಿಮಳ ಎಂದು ಪುಟ್ಟತಾಯಮ್ಮ ಮೊಳಕ್ಕೆ ಎರಡು ರೂಪಾಯಿ ಏರಿಸಿದಳು. ರೇವಣ್ಣನವರು ಎರಡನೇ ಸಲ ಬನ್ನು ಸುಡುವುದನ್ನು ಬಿಟ್ಟು ಬೇಗ ಮಲಗುವುದನ್ನು ಕಲಿತರು. ನಾನು ಹಜಾರದಲ್ಲಿ ಓದುವಾಗ ಈಗ ಮೂರನೇ ಸಾಲಿನವರೆಗೆ ಕೇಳಿಸುತ್ತದೆಯಂತೆ. ಅಮ್ಮ ದಿನವೂ ತಟ್ಟೆಯ ಮೇಲೆ ತಟ್ಟೆ ಮುಚ್ಚಿ ಗೂಡಿನಲ್ಲಿಟ್ಟರು, ದಿನವೂ ಹಸು ತಿಂದಿತು. ಉಳಿದಿದ್ದು ಎಂದು ಹೇಳುವುದನ್ನು ಮಾತ್ರ ಬಿಟ್ಟರು.

ಮಾವಿನಕಾಯಿಯ ಕಾಲ ಮುಗಿಯುತ್ತಿದ್ದ ಒಂದು ದಿನ, ಬಿಸಿಲು ನೆತ್ತಿಯ ಮೇಲಿತ್ತು. ನಾನು ನಡುಮನೆಯ ಕಿಟಕಿಯ ಹತ್ತಿರ ಕೂತು ದಿನಚರಿ ಬರೆಯುತ್ತಿದ್ದೆ. ಬೀದಿಯ ಆ ತುದಿಯಲ್ಲಿ ಕೋಳಿಗಳು ಗುಣುಗುಣು ಎನ್ನುತ್ತ ಒಂದರ ಹಿಂದೆ ಒಂದು ಗೂಡಿಗೆ ಹೋಗುತ್ತಿದ್ದವು. ತಲೆಯೆತ್ತಿ ನೋಡಿದೆ, ಮತ್ತೆ ಬರೆದೆ. ಆಮೇಲೆ ಮೂಲೆಯ ಕಂಬದ ದೀಪ ಹತ್ತಿಕೊಂಡಿತು. ಗಿರಿಜಾಂಬ ಮೇಡಂ ಮನೆಯ ಜಗಲಿಯಲ್ಲಿ ಪಾಠ ಹೇಳಿಸಿಕೊಳ್ಳುತ್ತಿದ್ದ ಮಕ್ಕಳು ಪುಸ್ತಕ ಮಡಚಿಟ್ಟು ಆಕಳಿಸಿದರು. ಮಲ್ಲಿಗೆಯ ವಾಸನೆ ಬಂತು, ಈಗಷ್ಟೇ ಅರಳಿದ್ದು. ಎದುರಿನ ಕಟ್ಟೆಯ ಮೇಲೆ ಪುಟ್ಟತಾಯಮ್ಮ ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿಸಿ, ಮೊಗ್ಗುಗಳನ್ನು ನೋಡಿ, ಬೀದಿಯ ಕಡೆ ನೋಡಿ, ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ಉರಿಬಿಸಿಲಿನ ನಡುವೆ ಒಂದು ಸಂಜೆ ನಡೆದು ಬರುತ್ತಿತ್ತು. ನಾಲ್ಕು ಮನೆಯಗಲದ, ನೀಲಿಯೂ ಅಲ್ಲದ ಬೂದಿಯೂ ಅಲ್ಲದ ಬೆಳಕು, ಯಾರದೋ ಹೆಜ್ಜೆಗೆ ತಕ್ಕಂತೆ ಬರುತ್ತಿತ್ತು, ದಾರಿಯಲ್ಲಿ ನಿಂತು ಚಪ್ಪಲಿಯ ಕಲ್ಲು ಕೊಡವಿಕೊಂಡು ಮತ್ತೆ ಹೊರಡುತ್ತಿತ್ತು. ಅದು ಮುಟ್ಟಿದ ಮನೆಗಳಲ್ಲಿ ಗುಬ್ಬಿಗಳು ಸೂರಿಗೆ ಸೇರುತ್ತಿದ್ದವು, ದಾಟಿದ ಮೇಲೆ ಮತ್ತೆ ಬಿಸಿಲಿಗೆ ಹಾರುತ್ತಿದ್ದವು. ಅದರೊಳಗೆ ಯಾರೆಂದು ಇಷ್ಟು ದೂರದಿಂದ ಕಾಣುತ್ತಿರಲಿಲ್ಲ. ಕಂಕುಳಲ್ಲಿ ಒಂದು ಸುರುಳಿ ಇದ್ದದ್ದು ಕಂಡಿತು. ಅಮ್ಮ ಎಂದು ಕೂಗಲು ಹೋದೆ.

ಕೂಗುವ ಅಗತ್ಯ ಬೀಳಲಿಲ್ಲ. ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದ ಬಿಸಿಲಿನ ಚೌಕ ನೋಡನೋಡುತ್ತ ನೀಲಿಗೆ ತಿರುಗಿತು. ಪಾತ್ರೆಯ ಸದ್ದು ನಿಂತಿತು. ಆಮೇಲೆ ಡಬ್ಬದ ಮುಚ್ಚಳ ತೆಗೆದ ಸದ್ದು, ಪಾವಿನಿಂದ ಅಕ್ಕಿ ಸುರಿದ ಸದ್ದು, ಎರಡು ಸಲ ತೊಳೆದ ಸದ್ದು, ಬೆಂಕಿಕಡ್ಡಿ ಗೀರಿದ ಸದ್ದು. ನಿನ್ನೆ ಎತ್ತಿಟ್ಟದ್ದನ್ನು ಬೆಳಿಗ್ಗೆಯೇ ಹಸು ತಿಂದಾಗಿತ್ತು. ಅಮ್ಮ ಹೊರಗೆ ಬರಲಿಲ್ಲ. ಒಳಗಿನಿಂದಲೇ, ದಿನವೂ ಮಾತಾಡುವ ದನಿಯಲ್ಲಿ ನನಗೆ ಹೇಳಿದರು:

"ಬಂದೋಳಿಗೆ ಕೈಕಾಲು ತೊಳ್ಕೊಳ್ಳೋಕೆ ಹೇಳು. ಕಾಯಬೇಕಾಗುತ್ತೆ ಅಂತಲೂ ಹೇಳು. ಒಂದು ಅನ್ನ ಬೇಯೋಷ್ಟು ಹೊತ್ತು."